ಪದಚರ್ಚೆ: ಮರದ ಚಕ್ಕೆ, ಹಸಿ ಟನ್ನು, ಒಣ ಟನ್ನು

ಶಿರಸಿಯ ಪುಟ್ಟ ಪತ್ರಿಕೆಯೊಂದಕ್ಕೆ ಲೇಖನ ಬರೆಯುತ್ತಿದ್ದೇನೆ. ಆಸ್ಟ್ರೇಲಿಯಾ ಮತ್ತು ವಿಯೆಟ್ನಾಂ, ಇವೆರಡರಲ್ಲಿ ಕಾಗದಕ್ಕೆ ಹೋಗುವ ವುಡ್ ಚಿಪ್ಸ್ ವರ್ಷದಿಂದ ವರ್ಷಕ್ಕೆ ಹೇಗೆ ಏರಿತು, ಇಳಿಯಿತು ಅನ್ನೋದು ವಿಷಯ. ಮೂರು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ಚಿಪ್ಸ್. 'ಚಕ್ಕೆ' ಎಂದು ಬರೆದೆ. ಕರಡು ಓದಿದ ಅಕ್ಕ "ಪಲಾವಿಗೆ ಹಾಕೋದಾ?" ಅಂದಳು. 'ಮರದ ಚಕ್ಕೆ' ಅಂದರೆ ಆ ಗೊಂದಲ ಇಲ್ಲ ಅಲ್ವಾ? 'ಹೊಟ್ಟು' ಆಗುವುದಿಲ್ಲ. ಅದು ಗರಗಸದಿಂದ ಉದುರುವ ಪುಡಿ, ಸಾಮಿಲ್ಲಿನಿಂದ ಚೀಲದಲ್ಲಿ ತಂದು ಬಚ್ಚಲೊಲೆಗೆ ಹಾಕುತ್ತೇವಲ್ಲ, ಅದು. 'ಚೂರು' ಹೇಗೆಂದರೆ ಹಾಗೆ ಮುರಿದದ್ದು. ಚಿಪ್ಸ್‌ಗೆ ಅಳತೆ ಇದೆ. ತೊಗಟೆ ಸುಲಿದ ಮರವನ್ನು ಯಂತ್ರದ ಅಲಗು ಸುಮಾರು ಒಂದು ಇಂಚು ಉದ್ದ, ಕೆಲವೇ ಮಿಲಿಮೀಟರ್ ದಪ್ಪಕ್ಕೆ ಕೊಚ್ಚುತ್ತದೆ. ಆಮೇಲೆ ಜರಡಿ. ದಪ್ಪ ಜಾಸ್ತಿಯಾದರೆ ಕಾಗದದ ತಿರುಳು ಮಾಡಲು ಬೇಯಿಸುವಾಗ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಪುಡಿ ಜಾಸ್ತಿಯಾದರೆ ಅತಿಯಾಗಿ ಬೆಂದು ನಾರು ಹಾಳು. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ಅಲ್ಲಿ ಬಾಯಿಮಾತಿನಲ್ಲಿ ಏನನ್ನುತ್ತಾರೆ ತಿಳಿಸಿ.

ನಿಜವಾದ ತಲೆನೋವು ತೂಕದ್ದು. ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರು. ಅದೇ ಲೆಕ್ಕದಲ್ಲಿ ಹೇಳಿದರೆ 'ಗ್ರೀನ್ ಟನ್'. ನೀರೆಲ್ಲ ತೆಗೆದು ಹೇಳಿದರೆ 'ಬೋನ್ ಡ್ರೈ ಟನ್'. ಒಂದು ದೇಶದ್ದು ಹಸಿ, ಇನ್ನೊಂದರದ್ದು ಒಣ ಅಂತ ಒಂದೇ ಕೋಷ್ಟಕದಲ್ಲಿ ಕೂರಿಸಿದರೆ ಒಬ್ಬರು ಸುಮ್ನೆ ಎರಡು ಪಟ್ಟು ದೊಡ್ಡವರಾಗಿಬಿಡುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಂತೂ ಘನ ಮೀಟರಿನಲ್ಲಿ ಕೊಡುತ್ತದೆ, ಅದೂ ಗಟ್ಟಿ ಮರದ ಲೆಕ್ಕ, ರಾಶಿ ಹಾಕಿದ ಚಕ್ಕೆಯದ್ದಲ್ಲ.

'ಹಸಿರು ಟನ್' ಅಂದರೆ ವನಮಹೋತ್ಸವ ನೆನಪಾಗುತ್ತದೆ. 'ಹಸಿ ಟನ್' ಸರಿ. ಅಡಿಕೆ ಕ್ವಿಂಟಲ್ ಅಂದಕೂಡಲೇ "ಹಸಿಯೋ, ಚಾಲಿಯೋ?" ಎಂದು ಕೇಳುವ ಊರು ನಮ್ಮದು, ತಟ್ಟನೆ ಅರ್ಥವಾಗುತ್ತದೆ. ಆದರೆ 'ಒಣ ಟನ್' ಅಂದಾಗ ಇದೇ ಊರು ದಾರಿ ತಪ್ಪಬಹುದು. ಬಿಸಿಲಿಗೆ ಒಣಗಿಸಿದ ಚಾಲಿಯಲ್ಲೂ ಸ್ವಲ್ಪ ನೀರು ಇದ್ದೇ ಇರುತ್ತದೆ. ಇಲ್ಲಿ ಹೇಳುವುದು 105 ಡಿಗ್ರಿ ಆಸುಪಾಸಿನ ಶಾಖದಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದಾಗ ಉಳಿಯುವ ತೂಕ. 'ನೀರು ಕಳೆದ ಟನ್ನು' ಎಂದು ಬರೆದರೆ ಹೇಗೆ? ಉದ್ದವಾಯಿತು, ನಿಜ.

ಪದ ಕೂರುತ್ತದಾ ನೋಡಲು ಒಂದು ವಾಕ್ಯ: '2022ರಲ್ಲಿ ವಿಯೆಟ್ನಾಂ ಹೊರದೇಶಕ್ಕೆ ಕಳಿಸಿದ ಚಕ್ಕೆ, ನೀರು ಕಳೆದ ಲೆಕ್ಕದಲ್ಲಿ, 1.5 ಕೋಟಿ ಟನ್ನಿಗೂ ಜಾಸ್ತಿ.' ದೊಡ್ಡ ಗಿರಾಕಿ ಚೀನಾ, ಆಮೇಲೆ ಜಪಾನ್. ಆಸ್ಟ್ರೇಲಿಯಾ 1970ರ ಹೊತ್ತಿಗೇ ಈಡನ್ ಬಂದರಿನಿಂದ ಜಪಾನಿಗೆ ಹಡಗು ತುಂಬಿಸುತ್ತಿತ್ತು. 2010 ದಾಟಿದ ಸ್ವಲ್ಪದರಲ್ಲೇ ವಿಯೆಟ್ನಾಂ ಅದನ್ನು ಹಿಂದೆ ಹಾಕಿತು.

ಮೂರನೆಯದು 'ಕಾಡು'. ಆಸ್ಟ್ರೇಲಿಯಾದವರು ಮೊದಲು ಕಡಿದದ್ದು ತಾನಾಗಿ ಬೆಳೆದ ನೀಲಗಿರಿ ಕಾಡನ್ನು. ಆಮೇಲೆ ನೆಟ್ಟು ಬೆಳೆಸಿದ ನೀಲಗಿರಿಗೆ ಹೊರಳಿದರು. ವಿಕ್ಟೋರಿಯಾ ಮತ್ತು ಪಶ್ಚಿಮ ಆಸ್ಟ್ರೇಲಿಯಾ ರಾಜ್ಯಗಳು 2024ರ ಜನವರಿಯಿಂದ ಸಹಜ ಕಾಡಿನ ನಾಟಾ ಕಡಿತವನ್ನೇ ನಿಲ್ಲಿಸಿದವು. ವಿಯೆಟ್ನಾಂನದ್ದು ಬಹುಪಾಲು ಸಣ್ಣ ರೈತರು ಐದಾರು ವರ್ಷಕ್ಕೆ ಕಡಿಯುವ ಅಕೇಶಿಯಾ. (ತಮಾಷೆ ನೋಡಿ, ಆಸ್ಟ್ರೇಲಿಯಾವನ್ನು ಹಿಂದೆ ಹಾಕಿದ ಆ ಮರದ ತವರಿನಲ್ಲಿ ಉತ್ತರ ಆಸ್ಟ್ರೇಲಿಯಾವೂ ಸೇರಿದೆ. ಕುಮಟಾ, ಹೊನ್ನಾವರದ ಗುಡ್ಡಗಳ ಅಕೇಶಿಯಾ ಕೂಡ ಅದೇ ಬಳಗದ್ದು.) ಇಂಥದ್ದಕ್ಕೆ ಅರಣ್ಯ ಇಲಾಖೆ 'ನೆಡುತೋಪು' ಅನ್ನುತ್ತದೆ. ಜನ 'ಪ್ಲಾಂಟೇಶನ್' ಅನ್ನುತ್ತಾರೆ. ನನ್ನ ಮತ ನೆಡುತೋಪಿಗೆ, ಆದರೆ ಆಡುಮಾತಿನಲ್ಲಿ ಅದನ್ನು ಬಳಸುವವರು ಕರಾವಳಿ ಕಡೆ ಯಾರಾದರೂ ಇದ್ದಾರಾ? ಕಾರವಾರ, ಅಂಕೋಲಾದವರು ಹೇಳಿ. 'ನೀರು ಕಳೆದ ಟನ್ನು' ಬದಲಿಗೆ ಇನ್ನೂ ಚಿಕ್ಕ ಪದ ಹೊಳೆದರೆ ಅದನ್ನೂ ಬರೆಯಿರಿ, ಕೋಷ್ಟಕದ ತಲೆಪಟ್ಟಿಯಲ್ಲಿ ಜಾಗ ಕಮ್ಮಿ.