ಸಹಾಯ ಬೇಕು: ಜರ್ಮನಿ, ಡೆನ್ಮಾರ್ಕ್‌ನಲ್ಲಿ ಇರುವವರು ದಯವಿಟ್ಟು ನೋಡಿ

ಎಲ್ಲರಿಗೂ ನಮಸ್ಕಾರ. ಯುರೋಪಿನ ಋತುಗಳ ಹೆಸರಿನ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಎಲೆ ಉದುರುವ ಕಾಲಕ್ಕೆ ಜರ್ಮನ್‌ನಲ್ಲಿ ಹೆರ್ಬ್ಸ್ಟ್, ಡಚ್‌ನಲ್ಲಿ ಹೆರ್ಫ್ಸ್ಟ್, ಸ್ವೀಡಿಷ್‌ನಲ್ಲಿ ಹ್ಯೋಸ್ಟ್ ಅಂತಾರೆ. ಇಂಗ್ಲಿಷಿನ ಹಾರ್ವೆಸ್ಟ್ ಕೂಡ ಇದೇ ಬಳಗದ್ದು. ಹಳೆಯ ಇಂಗ್ಲಿಷಿನಲ್ಲಿ ಅದು ಋತುವಿನ ಹೆಸರೇ ಆಗಿತ್ತು! ಆಮೇಲೆ ಫ್ರೆಂಚಿನಿಂದ ಆಟಮ್ ಬಂತು. 16ನೇ ಶತಮಾನದಲ್ಲಿ ಫಾಲ್ ಸೇರಿತು. ಹಾರ್ವೆಸ್ಟ್‌ಗೆ ಬರೀ ಕೊಯ್ಲು ಉಳಿಯಿತು. ಹೆರ್ಬ್ಸ್ಟ್, ಹಾರ್ವೆಸ್ಟ್ ಬಳಗದ ಪದಗಳ ಮೂಲ ಧಾತುವಿಗೆ ಕೀಳು, ಬಿಡಿಸು ಎಂಬ ಅರ್ಥ. ಹಣ್ಣು ಎಂಬರ್ಥದ ಗ್ರೀಕ್ ಪದ ಕಾರ್ಪೋಸ್ ಕೂಡ ಇದರ ನೆಂಟ.

ನನಗೆ ಜಾಸ್ತಿ ಕುತೂಹಲ ಡ್ಯಾನಿಷ್ ಬಗ್ಗೆ. ಅಲ್ಲಿ ಹ್ಯೋಸ್ಟ್ ಅಂದರೆ ಮುಖ್ಯವಾಗಿ ಕೊಯ್ಲು. ಋತುವಿಗೆ ಎಫ್ಟರೋರ್, ಅಂದರೆ ವರ್ಷದ ಕೊನೆಯ ಭಾಗ. ಪಕ್ಕದ ನಾರ್ವೆಯಲ್ಲಿ ಎರಡಕ್ಕೂ ಒಂದೇ ಪದ. ಡೆನ್ಮಾರ್ಕ್‌ನ ಹಳ್ಳಿಗಳ ಹಿರಿಯರು ಈಗಲೂ ಋತುವಿಗೆ ಹ್ಯೋಸ್ಟ್ ಅನ್ನುವುದನ್ನು ಕೇಳಿದ್ದೀರಾ?

ಜರ್ಮನಿಯ ನೈಋತ್ಯದ ವೈನ್ ಸೀಮೆಯಲ್ಲಿ ದ್ರಾಕ್ಷಿ ಕೊಯ್ಲಿಗೂ ಹೆರ್ಬ್ಸ್ಟ್ ಅಂತಾರೆ. ಆ ಕಡೆ ಇರುವವರು ತೋಟದವರ ಬಾಯಲ್ಲಿ ಕೇಳಿದ ಒಂದೆರಡು ವಾಕ್ಯ ಇದ್ದ ಹಾಗೇ ಬರೆದು ಕಳಿಸ್ತೀರಾ? ಊರಿನ ಹೆಸರೂ ಇರಲಿ. ಉಚ್ಚಾರ ಧ್ವನಿಮುದ್ರಿಸಿ ಕಳಿಸಿದರೆ ಇನ್ನೂ ಒಳ್ಳೆಯದು.