ಅಪ್‌ಡೇಟ್: ಅಮ್ಮನ ಸರ್ಪಸುತ್ತು, ಖಿನ್ನತೆಗೂ ಅದಕ್ಕೂ ಸಂಬಂಧ

ಅಪ್ಪ ಹೋದ ಮೇಲೆ ಮಂಕಾಗಿದ್ದ ಅಮ್ಮನಿಗೆ ಸರ್ಪಸುತ್ತು ಆಗಿದೆ, ಎರಡಕ್ಕೂ ಸಂಬಂಧ ಇದೆಯಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಗುಳ್ಳೆಗಳು ಈಗ ಒಣಗಿ ಹಕ್ಕಳೆ ಕಟ್ಟಿವೆ. ಉರಿ ಮಾತ್ರ ಹೋಗಿಲ್ಲ. ಲಂಗದ ಲಾಡಿ ತಾಗಿದರೂ ಬೆಚ್ಚುತ್ತಾಳೆ, ಅದಕ್ಕೇ ಇಡೀ ದಿನ ಸಡಿಲ ನೈಟಿ. ನೆಂಟರು ನಾಗದೋಷ ಅಂದರು, ಕೆಮ್ಮಣ್ಣು ಹಚ್ಚಿ ಅಂದರು. ನಾವು ಎರಡನೇ ದಿನವೇ ಡಾಕ್ಟರ ಹತ್ತಿರ ಹೋದೆವು. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಜಾಸ್ತಿ ಪ್ರಯೋಜನ ಅಂತೆ.

ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ನರದ ಬುಡದಲ್ಲಿ ಸುಮ್ನೆ ಅಡಗಿರುತ್ತದೆ. ಅದು ಮತ್ತೆ ಏಳದಂತೆ ಕಾಯುವುದು ನಮ್ಮ ಟಿ ಕಣಗಳು, ಅಂದರೆ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ಕಣಗಳು. ವಯಸ್ಸಾದಂತೆ ಆ ಕಾವಲು ಸಡಿಲವಾಗುತ್ತದೆ. ಖಿನ್ನತೆಯಲ್ಲೂ ಹಾಗಾಗಬಹುದು. ಅಮ್ಮನಿಗೆ ಇದರಿಂದಲೇ ಬಂತು ಅಂತ ಯಾರೂ ಖಚಿತವಾಗಿ ಹೇಳಲಾರರು. ಆದರೆ ಕ್ಯಾಲಿಫೋರ್ನಿಯಾದ ಮೈಕೆಲ್ ಇರ್ವಿನ್ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. 60 ದಾಟಿದವರಿಗೆ ಆಗಿನ ಸರ್ಪಸುತ್ತು ಲಸಿಕೆ ಕೊಟ್ಟಾಗ, ಖಿನ್ನತೆ ಇದ್ದೂ ಔಷಧಿ ತೆಗೆದುಕೊಳ್ಳದವರಲ್ಲಿ ಅದರ ಪರಿಣಾಮ ಕಡಿಮೆ ಇತ್ತು. ಔಷಧಿ ತೆಗೆದುಕೊಳ್ಳುತ್ತಿದ್ದವರಲ್ಲಿ ಖಿನ್ನತೆ ಇಲ್ಲದವರಷ್ಟೇ ಇತ್ತು.

ಇದನ್ನು ಓದಿದ ಮೇಲೆ "ದುಃಖ ತಾನೇ, ಹೋಗುತ್ತೆ ಬಿಡು" ಅನ್ನುವುದನ್ನು ನಿಲ್ಲಿಸಿದೆ. ಇಷ್ಟು ದಿನ ಹಾಗೆ ಅಂದಿದ್ದಕ್ಕೆ ಬೇಜಾರಿದೆ. ಈಗ ಮನೋವೈದ್ಯರ ಮಾತ್ರೆ ನಡೆಯುತ್ತಿದೆ. ಪೂರ್ತಿ ವಾಸಿಯಾದ ಮೇಲೆ ಲಸಿಕೆ ಹಾಕಿಸಬೇಕು. 2023ರಿಂದ ನಮ್ಮಲ್ಲೂ ಸಿಗುವ ಶಿಂಗ್ರಿಕ್ಸ್, ಎರಡು ಡೋಸ್.

ನಿನ್ನೆ ಸಂಜೆ ಅಮ್ಮ ತಾನಾಗೇ ಎದ್ದು ಕಾಫಿ ಬೆರೆಸಿದಳು. ನನಗೂ ಒಂದು ಲೋಟ ಕೊಟ್ಟಳು.