ಮೊದಲ ಹಾವಿಗೆ ಎಂಥ ಗೂಡು? ಸಾಕಿದವರು ಹೇಳಿ

ಕೇಳಿದವರು: ಮಂಡ್ಯ, ನೆಹರು ನಗರ

ನಮಸ್ಕಾರ. ಬೆಂಗಳೂರಿನ ಗೆಳೆಯ ಕೆಲಸಕ್ಕೆಂದು ಹೊರದೇಶಕ್ಕೆ ಹೊರಟಿದ್ದಾನೆ. ಅವನ ಕಾರ್ನ್ ಸ್ನೇಕ್ (ವಿಷವಿಲ್ಲದ ಅಮೆರಿಕದ ಹಾವು) ಮರಿಯನ್ನು ನಾನು ಸಾಕುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಈಗ ಒಂದೂಕಾಲು ಅಡಿ ಉದ್ದ ಇದೆ. ಅಮ್ಮನನ್ನು ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಅದೂ ಒಂದು ಷರತ್ತಿನ ಮೇಲೆ: "ಅದು ಒಂದು ಸಲ ಗೂಡಿನಿಂದ ಆಚೆ ಬಂದರೆ, ಮನೆಯಿಂದ ಅದೂ ಆಚೆ, ನೀನೂ ಆಚೆ." ಅಟ್ಟದ ಮೇಲೆ ಮಾವ ಕೊಟ್ಟ ಮೂರಡಿಯ ಹಳೇ ಮೀನಿನ ಟ್ಯಾಂಕ್ ಇದೆ. ಅದು ಸಾಕಾ? ಇಲ್ಲ, ಪ್ಲೈವುಡ್‌ನಲ್ಲಿ ಒಂದು ಮಾಡಿಸಲಾ? ಎಲ್ಲ ಸೇರಿ 6,000 ರೂಪಾಯಿ ಒಳಗೆ ಮುಗಿಯಬೇಕು.

ಮೈಸೂರು, ಕುವೆಂಪುನಗರ

ನಿಮ್ಮ ಅಮ್ಮನ ಷರತ್ತು ಓದಿ ನಗು ಬಂತು. ನನ್ನದು ಆಚೆ ಬಂದಿತ್ತು, ಅದೂ ಮೀನಿನ ಟ್ಯಾಂಕ್‌ನಿಂದಲೇ. ಮೇಲೆ ಜಾಲರಿ ಮುಚ್ಚಿ, ಅದರ ಮೇಲೆ ಎರಡು ದಪ್ಪ ಪುಸ್ತಕ ಇಟ್ಟಿದ್ದೆ. ಭಾರ ಇದೆಯಲ್ಲ, ಇನ್ನೇನು ಎಂದುಕೊಂಡಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಪುಸ್ತಕ ಇದ್ದಲ್ಲೇ ಇವೆ, ಹಾವು ಇಲ್ಲ. ಒಂದು ಮೂಲೆಯಲ್ಲಿ ಜಾಲರಿ ಸ್ವಲ್ಪ ಎದ್ದಿತ್ತು. ಪೆನ್ಸಿಲ್ ತೂರುವಷ್ಟು ಸಂದಿ, ಅಷ್ಟೇ. ತಲೆ ತೂರಿದರೆ ಉಳಿದ ಮೈ ತಾನಾಗಿ ಹಿಂದೆ ಬರುತ್ತದೆ.

ಹನ್ನೊಂದು ದಿನ ಹುಡುಕಿದೆವು. ಬೀದಿಯಲ್ಲಿ ಸುದ್ದಿ ಹರಡಿ, ಪಕ್ಕದ ಮನೆಯವರು ಸ್ನೇಕ್ ಶ್ಯಾಮ್ ಅವರಿಗೆ ಫೋನ್ ಮಾಡೋಣ ಎಂದು ನಿಂತುಬಿಟ್ಟರು. ಮನೆಗೆ ಹಾವು ಬಂದರೆ ಮೈಸೂರಿನಲ್ಲಿ ಯಾರಿಗಾದರೂ ಮೊದಲು ನೆನಪಾಗುವುದು ಅದೇ ಹೆಸರು ಅಲ್ವಾ? ನಾನೇ ಸಾಕಿದ ಹಾವನ್ನು ನಾನೇ ಕಳೆದುಕೊಂಡೆ ಎಂದು ಅವರ ಮುಂದೆ ಹೇಗೆ ಹೇಳುವುದು ಅಂತ ನಾನು ತಡೆದೆ. ಕೊನೆಗೆ ಸಿಕ್ಕಿದ್ದು ಫ್ರಿಜ್ ಹಿಂದೆ, ಕಂಪ್ರೆಸರ್ ಪಕ್ಕ, ಬೆಚ್ಚಗೆ ಸುತ್ತಿಕೊಂಡು.

ಮೀನಿನ ಟ್ಯಾಂಕ್‌ಗೆ ಇನ್ನೊಂದು ತೊಂದರೆಯೂ ಇದೆ. ಕೈ ಹಾಕಬೇಕಾದರೆ ಮೇಲಿನಿಂದಲೇ ಹಾಕಬೇಕು. ಹಾವಿನ ಲೆಕ್ಕದಲ್ಲಿ ಮೇಲಿನಿಂದ ಬರುವುದು ಹದ್ದು. ನನ್ನದು ಪ್ರತಿ ಸಲ ಬಾಲ ಅದುರಿಸಿ ಹೆದರುತ್ತಿತ್ತು. ಮುಂದಿನಿಂದ ಬಾಗಿಲು ತೆಗೆಯುವ ಗೂಡಿಗೆ ಹಾಕಿದ ಮೇಲೆ, ಅದೇ ಹಾವು ಒಂದು ತಿಂಗಳಲ್ಲಿ ಕೈ ಮೇಲೆ ತಾನಾಗಿ ಹತ್ತಿ ಬರತೊಡಗಿತು. ಟ್ಯಾಂಕ್ ಅಟ್ಟದಲ್ಲೇ ಇರಲಿ.

ಮೈಸೂರು, ಸರಸ್ವತಿಪುರಂ

ಗೂಡಿನ ಮಾತಿಗೆ ಮೊದಲು ಕಾಗದದ ಮಾತು. ನಮ್ಮ ನಾಡಿನ ಹಾವು ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ. ಕೇರೆ, ಹೆಬ್ಬಾವು, ಮಣ್ಣುಮುಕ್ಕ (ಜನ ಎರಡು ತಲೆ ಹಾವು ಎನ್ನುವುದು ಇದನ್ನೇ), ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. "ಎರಡು ತಲೆ ಹಾವು ಇದೆ, ಬೇಕಾ" ಎಂದು ಯಾರಾದರೂ ಕೇಳಿದರೆ ದೂರ ಓಡಿ. ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ್ದು, ಈ ನಿಷೇಧ ಅದಕ್ಕಿಲ್ಲ. ಆದರೂ ಗೆಳೆಯ ಅದನ್ನು ಕೊಂಡಾಗಿನ ಬಿಲ್ ಮತ್ತು ನಿಮಗೆ ಕೊಟ್ಟಿದ್ದೇನೆ ಎಂಬ ಪತ್ರ, ಎರಡೂ ನಿಮ್ಮ ಹತ್ತಿರ ಇರಲಿ. ಮುಂದೆ ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು) ಮೇಲೆ ಆಸೆ ಬಂದರೆ ನೆನಪಿಡಿ: ಅದು ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿದೆ, ಅಂದರೆ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಇರುವ ಜೀವಿಗಳ ಪಟ್ಟಿಯಲ್ಲಿ. 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು.

ಮಂಡ್ಯ, ಗುತ್ತಲು ರಸ್ತೆ

ನೋಡಪ್ಪ ತಮ್ಮ, ಒಂದೂಕಾಲು ಅಡಿ ಮರಿಗೆ ಈಗಲೇ ಅರಮನೆ ಕಟ್ಟಿಸಬೇಡ. ಪಾತ್ರೆ ಅಂಗಡಿಯಲ್ಲಿ ಬಟ್ಟೆ ತುಂಬಿಡುವ ಪ್ಲಾಸ್ಟಿಕ್ ಡಬ್ಬ ಸಿಗುತ್ತದಲ್ಲ, ಎರಡೂ ಕಡೆ ಕ್ಲಿಪ್ ಇರುವಂಥದ್ದು, ಅದು ಸಾಕು. ಎರಡಡಿ ಉದ್ದದ್ದು ತಗೋ. ಮುಚ್ಚಳ ಅಲುಗಾಡಬಾರದು, ಕ್ಲಿಪ್ ಹಾಕಿದರೆ ಟಕ್ ಎನ್ನಬೇಕು. ಅಂಗಡಿಯಲ್ಲೇ ಹಾಕಿ ತೆಗೆದು ನೋಡು. ನಾನು ಮೂರು ಡಬ್ಬ ವಾಪಸ್ ಕೊಟ್ಟು ನಾಲ್ಕನೆಯದನ್ನು ತಂದೆ. ಅಂಗಡಿಯವನು ನನ್ನನ್ನು ನೋಡಿದ ಪರಿ ಈಗಲೂ ಕಣ್ಣ ಮುಂದಿದೆ.

ಗಾಳಿಗೆ ತೂತು ಬೇಕು. ಸೋಲ್ಡರಿಂಗ್ ಕಡ್ಡಿ ಕಾಯಿಸಿ, ಬಯಲಿನಲ್ಲಿ ಕೂತು, ಒಳಗಿನಿಂದ ಹೊರಕ್ಕೆ ಚುಚ್ಚು. ಆಗ ಚೂಪಾದ ಅಂಚು ಹೊರಗೆ ಉಳಿಯುತ್ತದೆ, ಮರಿಯ ಮೂತಿ ಉಜ್ಜುವುದಿಲ್ಲ. ಎರಡೂ ಪಕ್ಕದಲ್ಲಿ ಎರಡು ಸಾಲು ಸಾಕು. ತೂತು ಅದರ ತಲೆಗಿಂತ ಬಹಳ ಚಿಕ್ಕದಿರಲಿ.

ಒಳಗೆ ಅವಿತುಕೊಳ್ಳಲು ಎರಡು ಜಾಗ ಬೇಕೇ ಬೇಕು. ಒಂದು ಬೆಚ್ಚಗಿನ ಕಡೆ, ಇನ್ನೊಂದು ತಂಪಿನ ಕಡೆ. ಒಂದೇ ಇಟ್ಟರೆ ಪಾಪ, ಅದು ಬೇಕಾದ ಬಿಸಿಯೋ ಅವಿತುಕೊಳ್ಳುವ ಜಾಗವೋ ಎಂದು ಆರಿಸಬೇಕಾಗುತ್ತದೆ. ನಾನು ಅರ್ಧ ತೆಂಗಿನ ಚಿಪ್ಪಿಗೆ ಬಾಗಿಲು ಕೊರೆದು ಮಗುಚಿ ಇಟ್ಟಿದ್ದೆ. ಮಂಡ್ಯದಲ್ಲಿ ಚಿಪ್ಪಿಗೆ ಬರವೇ? ಕೆಳಗೆ ಮೊದಲ ತಿಂಗಳು ಬರೀ ಪೇಪರ್ ಹಾಸು. ಹಿಕ್ಕೆ, ಉಣ್ಣೆಹುಳ ಇದ್ದರೆ ತಕ್ಷಣ ಕಾಣುತ್ತದೆ. ಆಮೇಲೆ ಬೇಕಾದರೆ ತೆಂಗಿನ ನಾರಿನ ಪುಡಿ.

ಮೈಸೂರು, ಹೆಬ್ಬಾಳ

ಎಲ್ಲರೂ ಡಬ್ಬದ ಬಗ್ಗೆಯೇ ಹೇಳುತ್ತಿದ್ದೀರಿ. ಬಿಸಿಯ ಮಾತು ಯಾರೂ ಎತ್ತಲಿಲ್ಲ. ನನ್ನ ಹಾವಿನ ಹೊಟ್ಟೆ ಸುಟ್ಟಿದ್ದು ಇದರಿಂದಲೇ.

ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಸು) ತಂದೆ, ನೇರ ಪ್ಲಗ್‌ಗೆ ಹಾಕಿದೆ. ಮುಟ್ಟಿದರೆ ಬೆಚ್ಚಗಿದೆ, ಸರಿ ಎಂದುಕೊಂಡೆ. ಒಂದು ವಾರದಲ್ಲಿ ಹೊಟ್ಟೆಯ ಮೇಲೆ ಕಂದು ಕಲೆ. ಹೊಟ್ಟೆಯ ಕೆಳಗಿಂದ ಸುಡುತ್ತಿದ್ದರೂ ಹಾವು ಎಷ್ಟೋ ಸಲ ಅಲ್ಲಿಂದ ಏಳುವುದಿಲ್ಲ, ಅಲ್ಲೇ ಮಲಗಿರುತ್ತದೆ. ಗಾಯ ಮಾಯಲು ಮೂರು ಪೊರೆ ಬಿಡಬೇಕಾಯಿತು. ಆದ್ದರಿಂದ ನಿಮ್ಮ 6,000ದಲ್ಲಿ ಮೊದಲು, ಬಿಸಿ ಹೆಚ್ಚಾದರೆ ತಾನೇ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್‌ಗೆ ದುಡ್ಡು ತೆಗೆದಿಡಿ. ಉಳಿದದ್ದರಲ್ಲಿ ಡಬ್ಬ.

ಮ್ಯಾಟ್ ಡಬ್ಬದ ಹೊರಗೆ, ತಳದಡಿ, ಮೂರನೇ ಒಂದು ಭಾಗಕ್ಕೆ ಮಾತ್ರ ಇರಲಿ. ಡಬ್ಬದ ನಾಲ್ಕು ಮೂಲೆಗೆ ಸಣ್ಣ ಕಾಲು ಅಂಟಿಸಿ, ಅಡಿಯಲ್ಲಿ ಗಾಳಿ ಆಡಬೇಕು. ಥರ್ಮೋಸ್ಟಾಟ್‌ನ ಪ್ರೋಬ್ (ಬಿಸಿ ಅಳೆಯುವ ತುದಿ) ಮ್ಯಾಟ್‌ಗೂ ತಳಕ್ಕೂ ನಡುವೆ. ಒಳಗಿನ ನೆಲಕ್ಕೆ ಬೇರೆ ಡಿಜಿಟಲ್ ಥರ್ಮಾಮೀಟರ್. ಕಾರ್ನ್ ಸ್ನೇಕ್‌ಗೆ ಬೆಚ್ಚಗಿನ ಕಡೆ 29–30 ಡಿಗ್ರಿ, ತಂಪಿನ ಕಡೆ 23–25 ಇದ್ದರೆ ಚೆನ್ನಾಗಿರುತ್ತದೆ. ಗಾಜಿಗೆ ಅಂಟಿಸುವ ಮುಳ್ಳಿನ ಮೀಟರ್ ನಂಬಬೇಡಿ. ನನ್ನ ಹತ್ತಿರ ಇದ್ದ ಎರಡು, ಒಂದೇ ಡಬ್ಬದಲ್ಲಿ ಐದು ಡಿಗ್ರಿ ಜಗಳವಾಡುತ್ತಿದ್ದವು.

ನಮ್ಮ ಕಡೆ ಡಿಸೆಂಬರ್–ಜನವರಿ ರಾತ್ರಿ 16ರ ಹತ್ತಿರ ಇಳಿಯುತ್ತದೆ, ಆಗ ಮ್ಯಾಟ್ ಬೇಕು. ಏಪ್ರಿಲ್‌ನಲ್ಲಿ ಕಥೆ ಉಲ್ಟಾ. ಹೊರಗೆ 35, ಮೇಲ್ಮಹಡಿಯ ಕೋಣೆ ಒಲೆಯಂತೆ. ಗೂಡಿನ ತಂಪಿನ ಕಡೆಯೂ 33 ದಾಟಿದರೆ ಅದಕ್ಕೆ ಹೋಗಲು ಜಾಗವೇ ಉಳಿಯುವುದಿಲ್ಲ. ಕಿಟಕಿ ಬಿಸಿಲು ಬೀಳದ ಕೆಳಗಿನ ಕೋಣೆ ಆರಿಸಿ.

ಮೈಸೂರು, ವಿಜಯನಗರ

ಇರುವೆ! ಯಾರೂ ಹೇಳಲಿಲ್ಲ. ತಿನ್ನದೆ ಬಿಟ್ಟ ಇಲಿಮರಿ ರಾತ್ರಿಯೆಲ್ಲ ಉಳಿದರೆ ಸಾಕು, ಕೆಂಪಿರುವೆ ದಂಡು ಬರುತ್ತದೆ. ಡಬ್ಬ ಇಟ್ಟ ಮೇಜಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿ, ಅಜ್ಜಿ ಹಾಲಿನ ಬೀರು ನಿಲ್ಲಿಸುತ್ತಿದ್ದ ಹಾಗೆ. ಮತ್ತೆ, ಗೂಡಿನ ಒಳಗಡೆ ಸೆಲ್ಲೋಟೇಪ್ ಯಾವ ಕಾರಣಕ್ಕೂ ಬೇಡ. ಮೈಗೆ ಅಂಟಿದರೆ ಬಿಡಿಸುವಾಗ ಹುರುಪೆ ಕಿತ್ತು ಬರುತ್ತದೆ. ನಾನು ಅಡುಗೆ ಎಣ್ಣೆ ಸವರಿ ಅರ್ಧ ಗಂಟೆ ಕೂತು ಬಿಡಿಸಿದ್ದೇನೆ, ಇಬ್ಬರೂ ಬೆವರಿದೆವು. (ಹಾವು ಬೆವರುವುದಿಲ್ಲ, ಗೊತ್ತು.)

ಮಂಡ್ಯ, ಸುಭಾಷ್ ನಗರ

ದೊಡ್ಡದಾದ ಮೇಲೆ ಮಾಡಿಸುವ ಗೂಡಿನ ಬಗ್ಗೆ. ಕಾರ್ನ್ ಸ್ನೇಕ್ ಮೂರರಿಂದ ಐದಡಿ ಬೆಳೆಯುತ್ತದೆ, ಹದಿನೈದು ಇಪ್ಪತ್ತು ವರ್ಷ ಬದುಕುತ್ತದೆ. ನಾಲ್ಕು ಅಡಿ ಉದ್ದ, ಎರಡು ಅಗಲ, ಎರಡು ಎತ್ತರದ ಪ್ಲೈವುಡ್ ಗೂಡು ಮಾಡಿಸಿದ್ದೇನೆ. ಆಚಾರಿಗೆ ಹಾವಿನ ವಿಷಯ ಹೇಳದೆ "ಶೋಕೇಸ್" ಎಂದೆ. "ಮಲಗಿಸಿ ಇಡುವ ಶೋಕೇಸ್ ಯಾವುದು ಸ್ವಾಮಿ" ಎಂದು ಅವರು ಕೇಳುತ್ತಲೇ ಇದ್ದರು.

ಮುಂದೆ ಜಾರುವ ಗಾಜು ಎರಡು, ಅಂಗಡಿ ಕೌಂಟರ್‌ಗೆ ಹಾಕುವ ಶೋಕೇಸ್ ಬೀಗ ಒಂದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಇದರಲ್ಲಿ ಒಂದು ಮೋಸವಿದೆ. ಎರಡು ಗಾಜು ಒಂದರ ಮೇಲೊಂದು ಬರುವಲ್ಲಿ ಸಣ್ಣ ಸಂದಿ ಉಳಿಯುತ್ತದೆ. ದೊಡ್ಡ ಹಾವಿಗೆ ಅದು ಲೆಕ್ಕಕ್ಕಿಲ್ಲ, ಮರಿಗೆ ಹೆಬ್ಬಾಗಿಲು. ಹಾಗಾಗಿ ಮರಿ ಇರುವಾಗ ಪ್ಲೈವುಡ್ ಗೂಡು ಬೇಡವೇ ಬೇಡ. ಒಳಗೆ ಬಳಿದ ಪಾಲಿಶ್ ವಾಸನೆ ಪೂರ್ತಿ ಹೋಗುವವರೆಗೂ ಹಾವು ಬಿಡಬೇಡಿ. ನಾನು ಮೂರು ವಾರ ಬಾಗಿಲು ತೆರೆದಿಟ್ಟೆ. ಮಳೆಗಾಲವಾದರೆ ಇನ್ನೂ ಜಾಸ್ತಿ.

ಮೈಸೂರು, ಕುವೆಂಪುನಗರ

ಒಂದು ಮಾತು ಬಿಟ್ಟಿದ್ದೆ. ಗೂಡು ಸಿದ್ಧವಾದ ದಿನವೇ ಮರಿ ತರಬೇಡಿ. ಒಂದು ವಾರ ಖಾಲಿ ಓಡಿಸಿ. ದಿನಕ್ಕೆ ಮೂರು ಸಲ ಬಿಸಿ ಬರೆದಿಡಿ. ತಂದ ಮೇಲೂ ಐದಾರು ದಿನ ಮುಟ್ಟಬೇಡಿ.

ಕೇಳಿದವರು: ಮಂಡ್ಯ, ನೆಹರು ನಗರ

ಎಲ್ಲರಿಗೂ ಥ್ಯಾಂಕ್ಸ್. ಕ್ಲಿಪ್ ಡಬ್ಬ ಬಂತು, ಎರಡನೇ ಅಂಗಡಿಯಲ್ಲಿ ಸಿಕ್ಕಿತು. ತೂತು ಚುಚ್ಚಿದೆ, ಚಿಪ್ಪು ಎರಡು ಇಟ್ಟೆ, ಮೇಜಿನ ಕಾಲಿಗೆ ನೀರಿನ ಬಟ್ಟಲೂ ಆಯಿತು. ಥರ್ಮೋಸ್ಟಾಟ್ ಸೇರಿ 4,300 ಖರ್ಚು. ಇವತ್ತಿಗೆ ನಾಲ್ಕು ದಿನ. ಬೆಚ್ಚಗಿನ ಕಡೆ 29.5, ತಂಪಿನ ಕಡೆ 25. ನಿನ್ನೆ ರಾತ್ರಿ ಎರಡು ಗಂಟೆ ಕರೆಂಟ್ ಹೋಗಿತ್ತು, ಆಗ ಬೆಚ್ಚಗಿನ ಕಡೆ 25ಕ್ಕೆ ಇಳಿಯಿತು, ಕರೆಂಟ್ ಬಂದು ಒಂದು ಗಂಟೆಯಲ್ಲಿ ಸರಿಹೋಯಿತು. ಅದೂ ಬರೆದಿಟ್ಟಿದ್ದೇನೆ. ನಾನು ಟಾರ್ಚ್ ಹಿಡಿದು ಕೂತಿದ್ದನ್ನು ನೋಡಿ ಅಮ್ಮ, "ಖಾಲಿ ಡಬ್ಬದಲ್ಲಿ ಏನು ಕಾಣುತ್ತೋ ನಿನಗೆ" ಎಂದರು. ಆಮೇಲೆ ತಾವೇ ಬಂದು, ಕ್ಲಿಪ್ ಎರಡನ್ನೂ ಎಳೆದು ನೋಡಿ ಹೋದರು.